ಓದುಗರ ಪ್ರಶ್ನೆ, ನಮ್ಮ ಉತ್ತರ: ಮೈಸೂರು ಸರ್ಕಾರದ ವಾಸ್ತುಶಿಲ್ಪಿ ಒಟ್ಟೊ ಕೋನಿಗ್ಸ್‌ಬರ್ಗರ್

ಕಳೆದ ಸಂಚಿಕೆಯಲ್ಲಿ ಭುವನೇಶ್ವರದ ನಗರ ಯೋಜನೆಯ ಬಗ್ಗೆ ಬರೆಯುವಾಗ, ಅದನ್ನು ರೂಪಿಸಿದ ಒಟ್ಟೊ ಕೋನಿಗ್ಸ್‌ಬರ್ಗರ್ ಅದಕ್ಕೂ ಮೊದಲು ಮೈಸೂರು ಸಂಸ್ಥಾನದ ನೌಕರಿಯಲ್ಲಿದ್ದರು ಎಂದು ಒಂದೇ ಸಾಲಿನಲ್ಲಿ ಹೇಳಿದ್ದೆವು. ಆ ಒಂದು ಸಾಲಿನ ಬೆನ್ನು ಹಿಡಿದು ಹಲವು ಓದುಗರು ಬರೆದಿದ್ದಾರೆ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಇಲ್ಲಿ ಉತ್ತರಿಸಿದ್ದೇವೆ.

ಬರ್ಲಿನ್ನಿನ ವಾಸ್ತುಶಿಲ್ಪಿ ಮೈಸೂರು ಸರ್ಕಾರದ ಕೆಲಸಕ್ಕೆ ಬಂದದ್ದು ಹೇಗೆ? ಬಸವನಗುಡಿಯ ಕೃಷ್ಣರಾವ್ ಪಾರ್ಕಿನ ಮಂಟಪ ಅವರದೇ ಎನ್ನುತ್ತಾರೆ, ನಿಜವೇ?
— ಬೆಂಗಳೂರಿನಿಂದ

ನಿಜ. ಆ ಮಂಟಪ ಅವರು ಇಲ್ಲಿಗೆ ಬಂದ ಮೊದಲ ವರ್ಷಗಳ ಕೆಲಸ.

ಕೋನಿಗ್ಸ್‌ಬರ್ಗರ್ ಹುಟ್ಟಿದ್ದು 1908ರಲ್ಲಿ, ಬರ್ಲಿನ್ನಿನಲ್ಲಿ. ಅಲ್ಲಿನ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಹಾನ್ಸ್ ಪೋಲ್ಟ್ಸಿಗ್ ಅವರ ಕೈಕೆಳಗೆ ಕಲಿತು ಸರ್ಕಾರಿ ಕಟ್ಟಡ ಇಲಾಖೆ ಸೇರಿದ್ದರು. 1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದಾಗ, ಯಹೂದಿ ಎಂಬ ಕಾರಣಕ್ಕೆ ಕೆಲಸ ಹೋಯಿತು. ಕೈರೋಗೆ ಹೋಗಿ ಪುರಾತತ್ವಜ್ಞ ಲುಡ್ವಿಗ್ ಬೋರ್ಷಾರ್ಟ್ ಅವರ ಜೊತೆ ದುಡಿದರು. ಪ್ರಾಚೀನ ಈಜಿಪ್ಟಿನ ಬಾಗಿಲುಗಳನ್ನು ಹೇಗೆ ಜೋಡಿಸುತ್ತಿದ್ದರು ಎಂಬುದರ ಮೇಲೆ ಪ್ರಬಂಧ ಬರೆದು ಡಾಕ್ಟರೇಟ್ ಪಡೆದರು. ಹಲಗೆ, ಕೀಲು, ಬಾಗಿಲು ತಿರುಗುವ ಗೂಟ ಇವುಗಳನ್ನು ಒಂದೊಂದಾಗಿ ನೋಡಿ ಅಳೆದ ಆ ಅಭ್ಯಾಸ ಮುಂದಿನ ಕೆಲಸಗಳಲ್ಲೂ ಕಾಣುತ್ತದೆ.

ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್, ಕೋನಿಗ್ಸ್‌ಬರ್ಗರ್ ಅವರ ಸೋದರಮಾವ. ಸಿ.ವಿ. ರಾಮನ್ ಅವರ ಆಹ್ವಾನದ ಮೇಲೆ ಬಾರ್ನ್ 1935–36ರಲ್ಲಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಕೆಲವು ತಿಂಗಳು ಇದ್ದರು. ಆ ಪರಿಚಯದ ದಾರಿಯಲ್ಲಿ ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ ಅವರ ಗಮನಕ್ಕೆ ಕೋನಿಗ್ಸ್‌ಬರ್ಗರ್ ಹೆಸರು ಬಂತು. 1939ರಲ್ಲಿ ಬೆಂಗಳೂರಿಗೆ ಬಂದರು, 1948ರವರೆಗೆ ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾಗಿದ್ದರು.

ಮಿರ್ಜಾ ಸಾಹೇಬರಿಗೆ ಗುಮ್ಮಟ, ಕಮಾನು, ಅಲಂಕಾರ ಇಷ್ಟ. ಕೋನಿಗ್ಸ್‌ಬರ್ಗರ್ ಅವರಿಗೆ ಸರಳ ಗೋಡೆ, ಅಗಲವಾದ ನೆರಳು ಸಾಕು. ಈ ಎಳೆದಾಟ ಇಬ್ಬರ ನಡುವೆ ಇದ್ದೇ ಇತ್ತು. ಸರ್ಕಾರಿ ವಾಸ್ತುಶಿಲ್ಪಿ ತನಗೆ ಬೇಕಾದ್ದನ್ನು ಕಟ್ಟಲಾರ. ದಿವಾನರ ರುಚಿ, ಲೋಕೋಪಯೋಗಿ ಇಲಾಖೆಯ ದರಪಟ್ಟಿ, ಯುದ್ಧಕಾಲದಲ್ಲಿ ಸಿಗದ ಸಿಮೆಂಟು ಮತ್ತು ಕಬ್ಬಿಣ, ಈ ಮೂರರ ನಡುವೆ ಜಾಗ ಹುಡುಕಬೇಕು. ಅವರು ಹುಡುಕಿಕೊಂಡ ಜಾಗ ನೆರಳು ಮತ್ತು ಗಾಳಿ. ಅದರ ಬಗ್ಗೆ ಯಾವ ದಿವಾನರ ತಕರಾರೂ ಇರುವುದಿಲ್ಲ.

ನಾನು ವಾಸ್ತುಶಿಲ್ಪ ವಿದ್ಯಾರ್ಥಿನಿ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿರುವ ಅವರ ಕಟ್ಟಡಗಳನ್ನು ನೋಡಲು ಹೋಗುವವಳಿದ್ದೇನೆ. ಏನನ್ನು ಗಮನಿಸಬೇಕು?
— ಹುಬ್ಬಳ್ಳಿಯಿಂದ

ಅಲ್ಲಿ ವೈಮಾನಿಕ ಎಂಜಿನಿಯರಿಂಗ್ ವಿಭಾಗ, ಲೋಹಶಾಸ್ತ್ರ ವಿಭಾಗ, ಊಟದ ಮನೆ ಮತ್ತು ಸಭಾಂಗಣ ಅವರ ಕೆಲಸಗಳು. ಎದುರಿನಿಂದ ಫೋಟೊ ತೆಗೆದು ಬಂದರೆ ಏನೂ ತಿಳಿಯುವುದಿಲ್ಲ. ಅಳತೆ ಟೇಪು, ದಿಕ್ಸೂಚಿ ಒಯ್ಯಿರಿ. ಕಟ್ಟಡದ ಉದ್ದ ಯಾವ ದಿಕ್ಕಿಗೆ, ಕೋಣೆಯ ಆಳ ಎಷ್ಟು, ಎದುರುಬದುರು ಕಿಟಕಿ ಇದೆಯೇ, ಕಿಟಕಿಯ ಎತ್ತರಕ್ಕೆ ಸಜ್ಜಾ ಎಷ್ಟು ಚಾಚಿದೆ ಎಂದು ಬರೆದುಕೊಳ್ಳಿ. ಬರೆದದ್ದನ್ನು ಈ ಲೆಕ್ಕಕ್ಕೆ ಹೋಲಿಸಿ.

ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಮಾರ್ಚ್ 21ರ ನಡುಮಧ್ಯಾಹ್ನ ಸೂರ್ಯ ದಕ್ಷಿಣಕ್ಕೆ ವಾಲಿ 77 ಡಿಗ್ರಿ ಎತ್ತರದಲ್ಲಿರುತ್ತಾನೆ. 1.2 ಮೀಟರ್ ಎತ್ತರದ ದಕ್ಷಿಣ ಕಿಟಕಿಗೆ ಆಗ ಪೂರ್ತಿ ನೆರಳು ಬೇಕಾದರೆ 28 ಸೆಂಟಿಮೀಟರ್ ಸಜ್ಜಾ ಸಾಕು. ಡಿಸೆಂಬರ್ 21ಕ್ಕೆ ಸೂರ್ಯ 53.5 ಡಿಗ್ರಿಗೆ ಇಳಿಯುತ್ತಾನೆ, ಅದೇ ಕಿಟಕಿಗೆ 89 ಸೆಂಟಿಮೀಟರ್ ಬೇಕು. ನಡುವಿನ 60 ಸೆಂಟಿಮೀಟರ್ ಇಟ್ಟರೆ ಬೇಸಿಗೆಯ ಬಿಸಿಲು ಹೊರಗೆ ಉಳಿದು, ಚಳಿಗಾಲದ ಬಿಸಿಲು ಕಿಟಕಿಯ ಕೆಳಭಾಗದಲ್ಲಿ ಸ್ವಲ್ಪ ಒಳಗೆ ಬರುತ್ತದೆ. ಬೆಂಗಳೂರಿಗೆ ಅದು ಹಿತವೇ. ಜೂನ್ 21ರಂದು ಸೂರ್ಯ ಉತ್ತರಕ್ಕೆ ಹೋಗಿರುತ್ತಾನೆ. ಉತ್ತರದ ಕಿಟಕಿಗೆ 22 ಸೆಂಟಿಮೀಟರ್ ಸಾಕು.

ಕೆಡುವುದು ಪಶ್ಚಿಮದಲ್ಲಿ. ಮಾರ್ಚಿನ ಸಂಜೆ ನಾಲ್ಕಕ್ಕೆ ಸೂರ್ಯ ಸುಮಾರು 30 ಡಿಗ್ರಿಯಲ್ಲಿ ನೇರ ಕಿಟಕಿಯೊಳಕ್ಕೆ ನೋಡುತ್ತಾನೆ. ಅದೇ 1.2 ಮೀಟರ್ ಕಿಟಕಿಗೆ 2 ಮೀಟರಿಗೂ ಹೆಚ್ಚು ಚಾಚಿದ ಸಜ್ಜಾ ಬೇಕಾಗುತ್ತದೆ. ಅದು ಕಟ್ಟುವ ಮಾತಲ್ಲ. ಅಲ್ಲಿ ವರಾಂಡ, ಜಾಲಂದ್ರ ಅಥವಾ ಕಿಟಕಿಯೇ ಇಲ್ಲದ ಗೋಡೆ ಬೇಕು. ಇವತ್ತು ನಾಲ್ಕೂ ಕಡೆ ಒಂದೇ ಅಳತೆಯ 45 ಸೆಂಟಿಮೀಟರ್ ಸಜ್ಜಾ ಎಳೆದುಬಿಡುತ್ತಾರೆ. ಅದು ಪಶ್ಚಿಮದಲ್ಲಿ ಮಳೆ ತಡೆಯಬಹುದು, ಬಿಸಿಲನ್ನಲ್ಲ.

ಭುವನೇಶ್ವರದಲ್ಲಿ ಜನ ಈಗಲೂ 'ಯುನಿಟ್ 6', 'ಯುನಿಟ್ 9' ಎಂದು ವಿಳಾಸ ಹೇಳುತ್ತಾರೆ. ಆ ಯುನಿಟ್ ಏನು? ನಮ್ಮ ಬಡಾವಣೆಗಳಲ್ಲಿ ಅಂಥದ್ದು ಯಾಕೆ ಸಾಧ್ಯವಾಗಲಿಲ್ಲ?
— ಮೈಸೂರಿನಿಂದ

ಯುನಿಟ್ ಎಂದರೆ ಒಂದು ಶಾಲೆಯ ಸುತ್ತ ಕೂಡಿಸಿದ ನೆರೆಹೊರೆ. ಈ ಕಲ್ಪನೆಯನ್ನು 1929ರಲ್ಲಿ ಅಮೆರಿಕದ ಕ್ಲಾರೆನ್ಸ್ ಪೆರಿ ಬರೆದಿಟ್ಟರು. ಒಂದು ಪ್ರಾಥಮಿಕ ಶಾಲೆ ತುಂಬುವಷ್ಟು ಜನ, ಅಂದರೆ ಸುಮಾರು 5,000. ಶಾಲೆ ನಡುವೆ, ದೊಡ್ಡ ರಸ್ತೆ ಅಂಚಿನಲ್ಲಿ. ಮಗು ದೊಡ್ಡ ರಸ್ತೆ ದಾಟದೆ ನಡೆದು ಶಾಲೆ ಸೇರಬೇಕು.

ನೆಹರು 1948ರ ಏಪ್ರಿಲ್ 13ರಂದು ಭುವನೇಶ್ವರಕ್ಕೆ ಅಡಿಗಲ್ಲು ಹಾಕಿದರು. ಆ ಹೊತ್ತಿಗೆ ಕೋನಿಗ್ಸ್‌ಬರ್ಗರ್ ಕೇಂದ್ರ ಸರ್ಕಾರದ ವಸತಿ ನಿರ್ದೇಶಕರಾಗಿ ದೆಹಲಿಗೆ ಹೋಗುವ ಹಂತದಲ್ಲಿದ್ದರು. ಅವರ ಯೋಜನೆ ಪಟ್ಟೆಯಂತೆ ಉದ್ದಕ್ಕೆ ಬೆಳೆಯುವ ಊರಿನದು. ಒಂದು ಮುಖ್ಯ ಹೆದ್ದಾರಿ, ಅದಕ್ಕೆ ತಗುಲಿಕೊಂಡ ಯುನಿಟ್‌ಗಳು. ರಸ್ತೆಗಳನ್ನು ಬಳಸುವವರನ್ನು ನೋಡಿ ಏಳು ಬಗೆ ಮಾಡಿದರು: ಕಾಲುದಾರಿ, ಮರಗಳ ನಡುವಿನ ಉದ್ಯಾನದಾರಿ, ಸೈಕಲ್ ದಾರಿ, ಮನೆಗಳ ಸಣ್ಣ ಬೀದಿ, ಮನೆಗಳ ದೊಡ್ಡ ಬೀದಿ, ಮುಖ್ಯರಸ್ತೆ, ಹೆದ್ದಾರಿ. ಕಾರು ಇದ್ದವರು ಬೆರಳೆಣಿಕೆಯಷ್ಟಿದ್ದ ಕಾಲದಲ್ಲಿ ಸೈಕಲ್ಲಿಗೆ ಬೇರೆ ದಾರಿ ಕೊಟ್ಟದ್ದು ದೊಡ್ಡ ಮಾತು ಎಂದೇ ನಮ್ಮ ಅಭಿಪ್ರಾಯ. ಸಚಿವಾಲಯ ಮತ್ತಿತರ ಕಟ್ಟಡಗಳನ್ನು ಅಲ್ಲಿನ ಸರ್ಕಾರಿ ವಾಸ್ತುಶಿಲ್ಪಿ ಜೂಲಿಯಸ್ ವಾಜ್ ನೋಡಿಕೊಂಡರು.

ನಿಮ್ಮ ಬಡಾವಣೆಯಲ್ಲಿ ಇದನ್ನು ಪರೀಕ್ಷಿಸಬಹುದು. ನಕ್ಷೆಯಲ್ಲಿ ಶಾಲೆಯ ಮೇಲೆ ಕೈವಾರ ಇಟ್ಟು 400 ಮೀಟರ್ ತ್ರಿಜ್ಯದ ವೃತ್ತ ಎಳೆಯಿರಿ. ಒಳಗೆ ಸುಮಾರು 50 ಹೆಕ್ಟೇರ್ ಬರುತ್ತದೆ. 5,000 ಜನ ಅಷ್ಟರಲ್ಲಿ ಇರಬೇಕಾದರೆ ಹೆಕ್ಟೇರಿಗೆ 100 ಜನ, ಐವರ ಕುಟುಂಬವಾದರೆ ರಸ್ತೆ, ಪಾರ್ಕು ಎಲ್ಲ ಸೇರಿದ ಹೆಕ್ಟೇರಿಗೆ 20 ಮನೆ. ಆಮೇಲೆ ವೃತ್ತದೊಳಗೆ ಬಸ್ಸು ಓಡುವ ರಸ್ತೆಗಳನ್ನು ಕೆಂಪಿನಲ್ಲಿ ಗುರುತಿಸಿ. ಕೆಂಪು ಗೆರೆ ಮನೆ ಮತ್ತು ಶಾಲೆಯ ನಡುವೆ ಬಂದರೆ ಅಲ್ಲಿಗೆ ಯುನಿಟ್ ಮುರಿಯಿತು.

ಭುವನೇಶ್ವರದಲ್ಲೂ ಎಲ್ಲ ನೆಟ್ಟಗಾಗಲಿಲ್ಲ. ಬೇರೆ ಬೇರೆ ದರ್ಜೆಯ ನೌಕರರು ಒಂದೇ ಯುನಿಟ್ಟಿನಲ್ಲಿ ಬೆರೆತು ಇರಲಿ ಎಂಬುದು ಅವರ ಆಸೆ. ಕ್ವಾರ್ಟರ್ಸ್ ಹಂಚಿಕೆ ಹುದ್ದೆಯ ಪ್ರಕಾರ ನಡೆದು, ಬೀದಿಗಳೇ ದರ್ಜೆಗಳಾದವು. ಒಂದೇ ಅಂತಸ್ತಿನ ವಿರಳ ಮನೆಗಳಿಂದ ನೀರಿನ ಕೊಳವೆ, ಚರಂಡಿ, ದೀಪದ ತಂತಿ ಎಲ್ಲದರ ಉದ್ದವೂ ಖರ್ಚೂ ಹೆಚ್ಚಿತು. ಹತ್ತಾರು ಸಾವಿರ ಜನರನ್ನು ಮನಸ್ಸಿನಲ್ಲಿಟ್ಟು ಶುರುವಾದ ಊರು 2011ರ ಜನಗಣತಿಯ ಹೊತ್ತಿಗೆ ಎಂಟು ಲಕ್ಷ ದಾಟಿತ್ತು.

ನಮ್ಮಲ್ಲಿ ಸಿ.ಎ. ನಿವೇಶನ, ಅಂದರೆ ಶಾಲೆಯಂಥ ನಾಗರಿಕ ಸೌಲಭ್ಯಕ್ಕೆ ಮೀಸಲಾದ ಜಾಗ, ಬಿಡುವ ಪದ್ಧತಿ ಇದೆ. ಆದರೆ ಹಲವೆಡೆ ಅದನ್ನು ಬಿಡುವುದು ನಿವೇಶನ ಹಂಚಿ ಉಳಿದ ಮೂಲೆಯಲ್ಲಿ. ಶಾಲೆಯ ಜಾಗ ಮೊದಲು, ನಿವೇಶನ ಆಮೇಲೆ ಎಂಬ ಕ್ರಮ ತಿರುಗಿದರೆ ಯುನಿಟ್ ಹುಟ್ಟುವುದೇ ಇಲ್ಲ. ಇನ್ನೊಂದು ಸಂಗತಿ: ಈಗಿನ ಕುಟುಂಬಗಳಲ್ಲಿ ಮಕ್ಕಳು ಕಡಿಮೆ. 5,000 ಜನರಿಂದ ಇಂದು ಶಾಲೆ ತುಂಬುವುದಿಲ್ಲ. ಹಳೆಯ ಸಂಖ್ಯೆಯನ್ನು ಹಾಗೇ ನಕಲು ಮಾಡದೆ, ನಡೆಯುವ ದೂರವನ್ನು ಹಿಡಿದುಕೊಂಡು ಜನಸಾಂದ್ರತೆಯನ್ನು ಹೆಚ್ಚಿಸಿ ಲೆಕ್ಕ ಹಾಕಬೇಕು.

ದೆಹಲಿಯಲ್ಲಿ ಕಾರ್ಖಾನೆಯಲ್ಲೇ ಮನೆ ತಯಾರಿಸಲು ಹೋಗಿ ಕೈಸುಟ್ಟುಕೊಂಡರಂತೆ. ಏನಾಯಿತು?
— ಭದ್ರಾವತಿಯಿಂದ

ನಿಮ್ಮೂರಿಗೂ ಅವರ ನಂಟಿದೆ. ಮೈಸೂರು ನೌಕರಿಯ ಕಾಲದಲ್ಲಿ ಭದ್ರಾವತಿಯ ಊರು ವಿಸ್ತರಣೆಗೆ ಯೋಜನೆ ಹಾಕಿದವರು ಅವರೇ. 1944–45ರಲ್ಲಿ ಟಾಟಾದವರಿಗೆ ಜಮ್‌ಷೆಡ್‌ಪುರದ ಯೋಜನೆ ಮಾಡಿಕೊಟ್ಟರು. ಮನೆಯ ಭಾಗಗಳನ್ನು ಮೊದಲೇ ತಯಾರಿಸಿ ಜೋಡಿಸುವ ಯೋಚನೆ ಅಲ್ಲೇ ಮೊಳೆತದ್ದು.

ದೇಶ ವಿಭಜನೆಯಾಗಿ ದೆಹಲಿಯೊಂದಕ್ಕೇ ಲಕ್ಷಗಟ್ಟಲೆ ನಿರಾಶ್ರಿತರು ಬಂದರು. ಆರೋಗ್ಯ ಸಚಿವೆ ರಾಜಕುಮಾರಿ ಅಮೃತ್ ಕೌರ್ ಅವರ ಇಲಾಖೆಯಲ್ಲಿ ಕೋನಿಗ್ಸ್‌ಬರ್ಗರ್ ವಸತಿ ನಿರ್ದೇಶಕರು. ಜಂಗ್‌ಪುರದಲ್ಲಿ ಸರ್ಕಾರಿ ವಸತಿ ಕಾರ್ಖಾನೆ ಎದ್ದಿತು. ಗಾಳಿಗುಳ್ಳೆ ತುಂಬಿದ ಹಗುರ ಕಾಂಕ್ರೀಟಿನ ಗೋಡೆಹಲಗೆ ಅಚ್ಚಿನಲ್ಲಿ ಎರೆದು, ಲಾರಿಯಲ್ಲಿ ಸಾಗಿಸಿ, ನಿವೇಶನದಲ್ಲಿ ನಿಲ್ಲಿಸುವ ಯೋಜನೆ. ಹಲಗೆಗಳು ಬಿರುಕು ಬಿಟ್ಟವು. ಸಂಸತ್ತಿನಲ್ಲಿ ಗದ್ದಲವಾಯಿತು. ಕಾರ್ಖಾನೆ ಮನೆ ಮಾಡುವುದನ್ನು ನಿಲ್ಲಿಸಿತು. 1951ರಲ್ಲಿ ಕೋನಿಗ್ಸ್‌ಬರ್ಗರ್ ಇಂಗ್ಲೆಂಡಿಗೆ ಹೊರಟರು. ಅದೇ ಕಾರ್ಖಾನೆ ಮುಂದೆ ಬಿಗಿತಂತಿ (ಪ್ರಿಸ್ಟ್ರೆಸ್ಡ್) ಕಾಂಕ್ರೀಟಿನ ತೊಲೆ, ರೈಲ್ವೆ ಸ್ಲೀಪರುಗಳನ್ನು ಮಾಡಿ ಬದುಕಿಕೊಂಡು, ಹಿಂದೂಸ್ತಾನ್ ಪ್ರಿಫ್ಯಾಬ್ ಲಿಮಿಟೆಡ್ ಆಯಿತು.

ಇಂಥ ಹಲಗೆ ಕೆಡುವ ಬಗೆ ಕಾಂಕ್ರೀಟ್ ಬಲ್ಲವರಿಗೆ ಗೊತ್ತು. ಹಗುರ ಕಾಂಕ್ರೀಟಿನಲ್ಲಿ ಗುಳ್ಳೆಗಳು ಸಮನಾಗಿ ಹರಡಬೇಕು. ಒಂದು ಅಚ್ಚಿನಲ್ಲಿ ಹೆಚ್ಚು, ಇನ್ನೊಂದರಲ್ಲಿ ಕಡಿಮೆಯಾದರೆ ತೂಕವೂ ಗಟ್ಟಿತನವೂ ಬೇರೆಯಾಗುತ್ತವೆ. ಆವಿಯಲ್ಲಿ ಸಾಕಷ್ಟು ಹದಗೊಳಿಸದೆ, ತೇವ ಉಳಿದಿರುವಾಗಲೇ ಹೊರಗೆ ತಂದರೆ ದೆಹಲಿಯ ಮೇ ತಿಂಗಳ ಒಣಬಿಸಿಲಿಗೆ ಕುಗ್ಗಿ ಸೀಳುತ್ತದೆ. ಲಾರಿಯ ಕುಲುಕಿಗೆ ಅಂಚು ಉದುರುತ್ತದೆ. ಅಂಚು ಕೆಲವು ಮಿಲಿಮೀಟರ್ ಹೋದರೂ ಪಕ್ಕದ ಹಲಗೆಗೆ ಕೂರುವುದಿಲ್ಲ, ಸಂದಿಯಲ್ಲಿ ಮಳೆ ನುಗ್ಗುತ್ತದೆ. ಇಟ್ಟಿಗೆಯಾದರೆ ಮೇಸ್ತ್ರಿ ಗಾರೆಯಲ್ಲೇ ಆ ವ್ಯತ್ಯಾಸ ಮುಚ್ಚುತ್ತಾನೆ. ಹಲಗೆಯಲ್ಲಿ ಮುಚ್ಚಲು ಏನೂ ಇರುವುದಿಲ್ಲ. ಆದ್ದರಿಂದ ಮಾದರಿ ಮನೆ ಒಂದು ಬೇಸಿಗೆ, ಒಂದು ಮಳೆಗಾಲ ನಿಂತದ್ದನ್ನು ನೋಡುವ ಮೊದಲು ಸಾವಿರಗಟ್ಟಲೆ ಹಲಗೆಗೆ ಅಚ್ಚು ಮಾಡಿಸಬಾರದು. ನಿರಾಶ್ರಿತರು ಗುಡಾರದಲ್ಲಿದ್ದಾಗ ಹಾಗೆ ಕಾಯುವುದು ಯಾರಿಗೂ ಸುಲಭವಿರಲಿಲ್ಲ.

ತಪ್ಪಿನ ಬೇರು ಇನ್ನೂ ಕೆಳಗಿದೆ. ಗೋಡೆ ಕಟ್ಟುವುದು ನಮ್ಮಲ್ಲಿ ಅಗ್ಗದ ಕೆಲಸ. ಇಟ್ಟಿಗೆ, ಕೈಕೆಲಸ ಎರಡೂ ಊರಲ್ಲೇ ಸಿಗುತ್ತವೆ. ಯಂತ್ರದಿಂದ ಅಗ್ಗ ಮಾಡಲು ಹೊರಟದ್ದು ಆಗಲೇ ಅಗ್ಗವಾಗಿದ್ದುದನ್ನು! ಅದೇ ವರ್ಷಗಳಲ್ಲಿ ಫರೀದಾಬಾದಿನಲ್ಲಿ ವಾಯವ್ಯ ಗಡಿನಾಡಿನಿಂದ ಬಂದ ನಿರಾಶ್ರಿತರು ಸಹಕಾರಿ ಪದ್ಧತಿಯಲ್ಲಿ ತಾವೇ ದುಡಿದು ಊರು ಕಟ್ಟಿದರು. ಆ ಸಹಕಾರಿ ಚಳವಳಿಯ ಮುಂದಾಳು ನಮ್ಮ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ. ಕೋನಿಗ್ಸ್‌ಬರ್ಗರ್ ಆ ಊರಿನ ಯೋಜನೆಯಲ್ಲೂ ಇದ್ದರು.

ಮುಂದೆ ಅವರು ಹೋದ ಕಡೆಗಳಲ್ಲಿ ಈ ಪಾಠ ಉಪಯೋಗಕ್ಕೆ ಬಂತೇ?
— ಉಡುಪಿಯಿಂದ

ಘಾನಾದಲ್ಲಿ ಚೆನ್ನಾಗಿ ಬಂತು. ಆಗ ಅದು ಗೋಲ್ಡ್ ಕೋಸ್ಟ್. 1954ರ ವಿಶ್ವಸಂಸ್ಥೆಯ ನಿಯೋಗದಲ್ಲಿ ವಸತಿ ತಜ್ಞ ಚಾರ್ಲ್ಸ್ ಅಬ್ರಾಮ್ಸ್ ಮತ್ತು ಎಂಜಿನಿಯರ್ ವ್ಲಾದಿಮಿರ್ ಬೋದಿಯಾನ್ಸ್ಕಿ ಜೊತೆ ಹೋಗಿದ್ದರು. ಹಳ್ಳಿಗಳಲ್ಲಿ ಮಣ್ಣಿನ ಗೋಡೆ ಎದ್ದು ನಿಂತಿರುತ್ತಿತ್ತು, ಮಾಡಿಗೆ, ಅಂದರೆ ಚಾವಣಿಗೆ, ಹಣವಿಲ್ಲದೆ ಮಳೆಗೆ ಕರಗುತ್ತಿತ್ತು. ಗೋಡೆ ಜನರೇ ಕಟ್ಟಬಲ್ಲರು. ತಗಡು, ಮೊಳೆ, ಮರ ದುಡ್ಡು ಕೊಟ್ಟು ತರಬೇಕು. ಹಾಗಾಗಿ ಮನೆಗೆ ಸಾಲ ಬೇಡ, ಮಾಡಿಗೆ ಸಾಲ ಕೊಡಿ ಎಂದರು. ಊರಿನ ವಸತಿ ಸಂಘ ಜಾಮೀನು ನಿಲ್ಲಬೇಕು, ಸದಸ್ಯರು ಮುಂಗಡ ಕಟ್ಟಬೇಕು, ಗೋಡೆ ಎದ್ದಮೇಲೆ ಮಾಡಿನ ಸಾಮಗ್ರಿ ಸಿಗುತ್ತದೆ, ವಾಪಸು ಬಂದ ಹಣ ಇನ್ನೊಬ್ಬರ ಮಾಡಿಗೆ ಹೋಗುತ್ತದೆ. ಅವರ ಇಡೀ ವೃತ್ತಿಜೀವನದಲ್ಲಿ ನಾವು ಎಲ್ಲಕ್ಕಿಂತ ಮೇಲೆ ಇಡುವ ಕೆಲಸ ಇದು.

ಲಂಡನ್ನಿನಲ್ಲಿ ಆರ್ಕಿಟೆಕ್ಚರಲ್ ಅಸೋಸಿಯೇಷನ್ ಶಾಲೆ 1954ರಲ್ಲಿ ಉಷ್ಣವಲಯದ ವಾಸ್ತುಶಿಲ್ಪಕ್ಕೆ ವಿಭಾಗ ತೆರೆಯಿತು. 1957ರಿಂದ ಅದನ್ನು ಅವರೇ ನಡೆಸಿದರು. 1971ರಲ್ಲಿ ಅದು ಯೂನಿವರ್ಸಿಟಿ ಕಾಲೇಜಿಗೆ ಹೋಗಿ ಅಭಿವೃದ್ಧಿ ಯೋಜನಾ ಘಟಕವಾಯಿತು. 1999ರಲ್ಲಿ ಲಂಡನ್ನಿನಲ್ಲೇ ತೀರಿಕೊಂಡರು.

ಮನೆ ಕಟ್ಟಿಸುತ್ತಿದ್ದೇನೆ. 'ಮಹೋನಿ ಕೋಷ್ಟಕ' ನೋಡಿ ಕಟ್ಟಿಸಿ ಎಂದು ಒಬ್ಬರು ಹೇಳಿದರು. ಅದನ್ನು ಬಳಸುವುದು ಹೇಗೆ?
— ಕಲಬುರಗಿಯಿಂದ

ಕೋನಿಗ್ಸ್‌ಬರ್ಗರ್ ಅವರ ಜೊತೆಗಾರ ಕಾರ್ಲ್ ಮಹೋನಿ ಮಾಡಿದ ಪಟ್ಟಿಗಳು ಅವು. ಪೆನ್ಸಿಲು, ಕಾಗದ ಸಾಕು.

ಮೊದಲು ಹವಾಮಾನ ಇಲಾಖೆಯ ಅಂಕಿಗಳಿಂದ ಹನ್ನೆರಡು ತಿಂಗಳ ಸರಾಸರಿ ಗರಿಷ್ಠ ಉಷ್ಣಾಂಶ, ಸರಾಸರಿ ಕನಿಷ್ಠ, ತೇವಾಂಶ, ಮಳೆ ಬರೆದುಕೊಳ್ಳಿ. ಗರಿಷ್ಠಗಳಲ್ಲಿ ಅತಿ ದೊಡ್ಡದು, ಕನಿಷ್ಠಗಳಲ್ಲಿ ಅತಿ ಚಿಕ್ಕದು ತೆಗೆದುಕೊಂಡು ಕೂಡಿಸಿ ಎರಡರಿಂದ ಭಾಗಿಸಿ. ಅದು ವರ್ಷದ ಮಧ್ಯಮ ಉಷ್ಣಾಂಶ. ಕಳೆದರೆ ಬರುವುದು ವರ್ಷದ ಅಂತರ. ಕಲಬುರಗಿಗೆ ಸುಮಾರು 40 ಮತ್ತು 16: ಮಧ್ಯಮ 28, ಅಂತರ 24. ಮಂಗಳೂರಿಗೆ ಸುಮಾರು 34 ಮತ್ತು 21: ಮಧ್ಯಮ 27.5, ಅಂತರ 13. ಮಧ್ಯಮ ಹೆಚ್ಚುಕಡಿಮೆ ಒಂದೇ, ಬೇಕಾದ ಮನೆ ಮಾತ್ರ ಬೇರೆ.

ಆಮೇಲೆ ಪ್ರತಿ ತಿಂಗಳನ್ನು ತೇವಾಂಶದ ಗುಂಪಿಗೆ ಹಾಕಿ. ಶೇ 30ಕ್ಕಿಂತ ಕಡಿಮೆ ಒಂದನೆಯದು, 30–50 ಎರಡು, 50–70 ಮೂರು, 70ಕ್ಕೆ ಮೇಲೆ ನಾಲ್ಕು. ಮಧ್ಯಮ 20 ಡಿಗ್ರಿಗಿಂತ ಹೆಚ್ಚಿರುವ ಊರಿನಲ್ಲಿ ಹಗಲಿನ ಹಿತದ ಮೇಲ್ಮಿತಿ ಕ್ರಮವಾಗಿ 34, 31, 29, 27 ಡಿಗ್ರಿ. ತಿಂಗಳ ಗರಿಷ್ಠ ಅದನ್ನು ಮೀರಿದರೆ ಆ ಹಗಲು 'ಸೆಕೆ'. ಅಂದರೆ ಒಣಹವೆಯಲ್ಲಿ ತಡೆಯಬಹುದಾದ 33 ಡಿಗ್ರಿ, ಕರಾವಳಿಯ ತೇವದಲ್ಲಿ ತಡೆಯಲಾಗದ್ದು.

ಈಗ ತಿಂಗಳು ಎಣಿಸಿ. ನಾಲ್ಕನೆಯ ಗುಂಪಿನ ಸೆಕೆಯ ತಿಂಗಳುಗಳಲ್ಲಿ ಗಾಳಿಯಾಟ ಕಡ್ಡಾಯ. ಎರಡು, ಮೂರನೆಯ ಗುಂಪಿನಲ್ಲೂ ಸೆಕೆಯಿದ್ದು, ಹಗಲುರಾತ್ರಿಯ ಅಂತರ 10 ಡಿಗ್ರಿಗಿಂತ ಕಡಿಮೆಯಾದರೆ ಹಾಗೆಯೇ. ಇಂಥವು ಮೂರು ತಿಂಗಳಿಗೆ ಮುಟ್ಟಿದರೆ ಕೋಣೆಗಳು ಒಂದೇ ಸಾಲಿನಲ್ಲಿದ್ದು ಎದುರುಬದುರು ಕಿಟಕಿ ಇರಬೇಕು. ಮೊದಲ ಮೂರು ಗುಂಪಿನ ತಿಂಗಳುಗಳಲ್ಲಿ ಹಗಲುರಾತ್ರಿಯ ಅಂತರ 10 ಡಿಗ್ರಿ ಮೀರಿದವನ್ನು ಬೇರೆ ಎಣಿಸಿ. ಇವು ಐದರವರೆಗಿದ್ದರೆ ಶಾಖ ತಡೆಯುವ ಹಗುರ ಮಾಡು, ಆರರಿಂದ ಮುಂದಕ್ಕೆ ಭಾರದ ಮಾಡು. ತಿಂಗಳಿಗೆ 200 ಮಿಲಿಮೀಟರ್ ದಾಟಿದ ಮಳೆ ಮೂರು ತಿಂಗಳಿದ್ದರೆ ಮಳೆಗೆ ವಿಶೇಷ ರಕ್ಷಣೆ. ಮಂಗಳೂರಿಗೆ ಹಂಚಿನ ಹಗುರ ಮಾಡು, ಉದ್ದ ಸೂರು, ಜಗಲಿ ಬಂದದ್ದೂ, ನಿಮ್ಮ ಕಡೆ ಮಣ್ಣಿನ ದಪ್ಪ ಮಾಳಿಗೆ ಬಂದದ್ದೂ ಲೆಕ್ಕಕ್ಕೆ ಸರಿಯಾಗಿ ಕೂರುತ್ತದೆ.

ಕೋಷ್ಟಕದ ಪ್ರಕಾರ ಭಾರದ ಮಾಡು ಎಂದರೆ ಹೊರಗಿನ ಶಾಖ ಒಳಗೆ ಮುಟ್ಟಲು 8 ಗಂಟೆಗಿಂತ ಹೆಚ್ಚು ಹಿಡಿಯಬೇಕು. 10 ಸೆಂಟಿಮೀಟರಿನ ಬರೀ ಆರ್‌ಸಿಸಿ ತಾರಸಿಯಲ್ಲಿ ಅದು ಮೂರು ಗಂಟೆಯ ಆಸುಪಾಸು. ನಡುಮಧ್ಯಾಹ್ನದ ಕಾವು ಸಂಜೆಗೇ ತಲೆಯ ಮೇಲೆ ಇಳಿಯುತ್ತದೆ. ತಾರಸಿ ಭಾರವೂ ಅಲ್ಲ, ಹಗುರವೂ ಅಲ್ಲ. ನೀವು ಆರ್‌ಸಿಸಿಯನ್ನೇ ಹಾಕಿಸುವುದಾದರೆ ಮೇಲೆ ಇಟ್ಟಿಗೆ ಚೂರು ಮತ್ತು ಸುಣ್ಣದ ದಪ್ಪ ಪದರ ಹಾಕಿಸಿ, ಅದರ ಮೇಲೆ ಬೇಸಿಗೆಗೆ ಮುಂಚೆ ಬಿಳಿ ಸುಣ್ಣ ಬಳಿಸಿ. ಈ ಪದರದ ತೂಕವನ್ನು ತಾರಸಿಯ ಕಬ್ಬಿಣ ಲೆಕ್ಕ ಹಾಕುವ ಎಂಜಿನಿಯರಿಗೆ ಮೊದಲೇ ತಿಳಿಸಿರಬೇಕು.

ನಾನು ಪಟ್ಟಣ ಪಂಚಾಯಿತಿಯಲ್ಲಿ ಎಂಜಿನಿಯರ್. ಮಾಸ್ಟರ್ ಪ್ಲಾನ್ ಬರುವಷ್ಟರಲ್ಲಿ ಊರು ಬೇರೆಯೇ ಆಗಿರುತ್ತದೆ. ಕೋನಿಗ್ಸ್‌ಬರ್ಗರ್ ಇದಕ್ಕೆ ಏನು ಹೇಳಿದ್ದರು?
— ಚಿತ್ರದುರ್ಗ ಜಿಲ್ಲೆಯಿಂದ

ಇದೇ ತೊಂದರೆಯನ್ನು ಅವರು 1963ರಲ್ಲಿ ಸಿಂಗಪುರದಲ್ಲಿ ಎದುರಿಸಿದರು. ಅಲ್ಲಿ 1958ರಲ್ಲಿ ಒಪ್ಪಿಗೆ ಪಡೆದ ಮಾಸ್ಟರ್ ಪ್ಲಾನ್ ಆಗಲೇ ಹಿಂದೆ ಬಿದ್ದಿತ್ತು. ಅಬ್ರಾಮ್ಸ್ ಮತ್ತು ಸುಸುಮು ಕೋಬೆ ಜೊತೆ ಅವರು ಕೊಟ್ಟ ಸಲಹೆಯಲ್ಲಿ ನಕ್ಷೆಗಿಂತ ಕ್ರಮ ಮುಖ್ಯ. ದ್ವೀಪದ ನಡುವಿನ ಜಲಾನಯನ ಪ್ರದೇಶ ಮುಟ್ಟದೆ ಸುತ್ತ ಉಂಗುರದಂತೆ ಊರುಗಳು, ಇಷ್ಟು ದಿಕ್ಕು ತೋರಿಸುವ ಚಿತ್ರ ಸಾಕು. ಉಳಿದದ್ದು ಕಾರ್ಯಕ್ರಮಗಳು. 1971ರ ಸಿಂಗಪುರದ ಪರಿಕಲ್ಪನಾ ಯೋಜನೆಯಲ್ಲಿ ಆ ಉಂಗುರ ಕಾಣುತ್ತದೆ. 1964ರಲ್ಲಿ ಈ ಪದ್ಧತಿಯನ್ನು ಅವರು 'ಆಕ್ಷನ್ ಪ್ಲಾನಿಂಗ್' ಎಂಬ ಹೆಸರಲ್ಲಿ ಬರೆದರು.

ನಿಮ್ಮ ಊರಿಗೆ ಹೊಂದಿಸಿ ಹೇಳುವುದಾದರೆ, ಒಂದು ಹಾಳೆಯಲ್ಲಿ ಮೂರೇ ಸಂಗತಿ ಗುರುತಿಸಿ: ಕೆರೆ ಮತ್ತು ರಾಜಕಾಲುವೆ, ಊರು ಬೆಳೆಯಬೇಕಾದ ದಿಕ್ಕು, ಮುಂದೆ ಅಗಲ ಮಾಡಬೇಕಾದ ರಸ್ತೆಗಳು. ಇವನ್ನು ಬಿಡಬಾರದು. ಆಮೇಲೆ ಈ ವರ್ಷವೇ ಮುಗಿಯುವ ನಾಲ್ಕೈದು ಕೆಲಸ ಆರಿಸಿ. ಪ್ರತಿಯೊಂದರ ಎದುರು ಹಣದ ಮೂಲ, ಹೊಣೆ ಹೊತ್ತ ಇಲಾಖೆ, ಮುಗಿಯುವ ತಿಂಗಳು ಬರೆಯಿರಿ. ಈ ಮೂರರಲ್ಲಿ ಒಂದು ಖಾಲಿ ಉಳಿದರೂ ಅದನ್ನು ಪಟ್ಟಿಯಿಂದ ತೆಗೆಯಿರಿ. ಚರಂಡಿ ಮತ್ತು ನೀರಿನ ಕೊಳವೆಯನ್ನು ಡಾಂಬರಿಗೆ ಮೊದಲು ಮುಗಿಸುವಂತೆ ತಿಂಗಳು ಜೋಡಿಸಿ. ಇದು ಎಲ್ಲರಿಗೂ ಗೊತ್ತಿದ್ದೂ ತಪ್ಪುವುದು, ಎರಡು ಇಲಾಖೆಗಳ ಪಟ್ಟಿ ಒಂದೇ ಹಾಳೆಯಲ್ಲಿ ಇರುವುದಿಲ್ಲವಾದ್ದರಿಂದ.

ವರ್ಷದ ಕೊನೆಗೆ ಆದದ್ದನ್ನು ಅಳೆಯಿರಿ. ಎಷ್ಟು ಮೀಟರ್ ಚರಂಡಿ ಎಂದಲ್ಲ, ಮಳೆಗಾಲದಲ್ಲಿ ಎಷ್ಟು ಮನೆಗೆ ನೀರು ನುಗ್ಗುವುದು ನಿಂತಿತು ಎಂದು. ಆ ಲೆಕ್ಕದ ಮೇಲೆ ಮುಂದಿನ ವರ್ಷದ ಪಟ್ಟಿ ಮಾಡಿ, ದಿಕ್ಕಿನ ಹಾಳೆಯನ್ನೂ ಬೇಕಾದರೆ ತಿದ್ದಿ. ಮಾಸ್ಟರ್ ಪ್ಲಾನ್ ಬಂದ ದಿನ ಈ ಹಾಳೆಗಳನ್ನು ಅದರ ಪಕ್ಕ ಇಟ್ಟು, ಎಲ್ಲಿ ಹೊಂದುವುದಿಲ್ಲವೋ ಅಲ್ಲಿ ಆಕ್ಷೇಪಣೆ ಸಲ್ಲಿಸಿ. ಕರಡು ಪ್ರಕಟವಾದಾಗ ಅದಕ್ಕೆ ಅವಕಾಶವಿರುತ್ತದೆ.